ಬಿಸ್ಕತ್ತು ಬಣ್ಣದ ಬ್ರೀಚಸ್ಸು ಮತ್ತು ಅತ್ತೆಯ ಸೀರೆ

ನನ್ನ ಸೋದರಮಾವ ಚಿಕ್ಕರಸಿನಕೆರೆಯಲ್ಲಿ ಕಬ್ಬು, ಭತ್ತ ಬೆಳೆಯುತ್ತಿದ್ದ. ಕೈ ಸ್ವಲ್ಪ ಸಲೀಸಾದ ವರ್ಷ ಊರಿನ ರೈತರೆಲ್ಲ ಎತ್ತಿನ ಜೋಡಿ ತಂದರೆ ಇವನೊಬ್ಬ ಬಿಳಿಯ ಹೆಣ್ಣು ಕುದುರೆ ತಂದ. ಅದು ಉಳುವುದಿಲ್ಲ, ಹಾಲು ಕೊಡುವುದಿಲ್ಲ, ಗಾಡಿಗೆ ಕಟ್ಟಲು ಮಾವನಿಗೆ ಮನಸ್ಸಿಲ್ಲ. ಗದ್ದೆಗೆ ಹೋಗಿಬರಲು ಬೇಕು ಎಂದು ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದ. ಗದ್ದೆಯೋ, ಹಿತ್ತಲಲ್ಲಿ ನಿಂತು ಕೂಗಿದರೆ ಕೇಳಿಸುವಷ್ಟು ದೂರ. ಕುದುರೆ ಕಂಡರೆ ಕಾಲು ನೋವು ಅನ್ನುವ ಗಾದೆ ಅವನನ್ನು ನೋಡಿಯೇ ಹುಟ್ಟಿರಬೇಕು.

ಕಾಲೇಜಿನ ರಜೆಗಳಲ್ಲಿ ನಾನು ಆ ಕುದುರೆಯ ಮೇಲೆ ಕೂತು ಸವಾರಿ ಕಲಿತೆ. ಬಿದ್ದೆ, ಎದ್ದೆ, ಮತ್ತೆ ಕೂತೆ. ಹುಡುಗಿ ಕುದುರೆ ಹತ್ತಬಾರದು ಎಂದು ಹೇಳಿದವರಿಗೆಲ್ಲ ಮಾವ, "ಅತ್ತಬಾರ್ದು ಅಂತ ಕುದ್ರೆ ಯೋಳ್ಳಿ, ಆಗ ಇಳುಸ್ತೀನಿ" ಎನ್ನುತ್ತಿದ್ದ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ಜನರ ಮೇಲೆ ಬೇಗ ಪ್ರೀತಿ ಹುಟ್ಟುವುದಿಲ್ಲ. ಮಾವನ ಮೇಲೆ ಮಾತ್ರ ಪ್ರಾಣವೇ ಇತ್ತು.

ಅತ್ತೆಗೆ ಕುದುರೆ ಕಂಡರೆ ಆಗುತ್ತಿರಲಿಲ್ಲ. ಹಿತ್ತಲಲ್ಲಿ ನುಗ್ಗೆ ಮರದಿಂದ ಬಚ್ಚಲ ಗೋಡೆಗೆ ಬಟ್ಟೆ ಒಣಗಿಸುವ ಹಗ್ಗ ಕಟ್ಟಿತ್ತು. ಅದರ ಪಕ್ಕದಲ್ಲೇ ಕುದುರೆಯ ಗೂಟ. ಒಂದು ದಿನ ಅತ್ತೆಯ ಹಸಿರು ಸೀರೆ, ಕೆಂಪಂಚಿನದು, ತವರಿನಿಂದ ಬಂದದ್ದು, ಅಲ್ಲಿ ಒಣಗುತ್ತಿದ್ದಾಗ ಕುದುರೆ ಅದರ ತುದಿಯನ್ನು ಮೊಳದಷ್ಟು ಮೆದ್ದುಬಿಟ್ಟಿತು. ಅಂದಿನಿಂದ ಜಗಳ. ಗೂಟ ಕೀಳಿ ಎಂದು ಅತ್ತೆ, ಹಗ್ಗ ಬಿಚ್ಚು ಎಂದು ಮಾವ. ಎರಡೂ ಎರಡು ನಿಮಿಷದ ಕೆಲಸ, ಇಬ್ಬರೂ ಮಾಡಲಿಲ್ಲ. ವರ್ಷಗಟ್ಟಲೆ ಆ ಹಿತ್ತಲಲ್ಲಿ ಒಂದು ಕಣ್ಣು ಸೀರೆಯ ಮೇಲೆ, ಒಂದು ಕಣ್ಣು ಕುದುರೆಯ ಮೇಲೆ ಇಟ್ಟುಕೊಂಡೇ ಎಲ್ಲರೂ ಓಡಾಡಿದೆವು.

ಎಪ್ಪತ್ತರ ದಶಕದ ನಡುಭಾಗ. ನಾನು ಮಳವಳ್ಳಿಯ ಶಾಲೆಯಲ್ಲಿ ಟೀಚರಾಗಿದ್ದೆ, ಶನಿವಾರ ಸಂಜೆ ಬಸ್ಸು ಹತ್ತಿ ಮಾವನ ಮನೆಗೆ ಬರುತ್ತಿದ್ದೆ. ಅಂಥ ಒಂದು ಶನಿವಾರ ಗ್ರಾಮಸೇವಕರು ಸೈಕ್ಲೋಸ್ಟೈಲ್ ಮಾಡಿದ ಕಾಗದವೊಂದನ್ನು ತಂದುಕೊಟ್ಟರು. ಮಂಡ್ಯದಲ್ಲಿ ನಡೆಯುವ ಜಾನುವಾರು ಪ್ರದರ್ಶನದಲ್ಲಿ ಈ ಬಾರಿ ವಯಸ್ಕರ ಕುದುರೆ ಸವಾರಿ ಸ್ಪರ್ಧೆಯೂ ಇದೆ, ಸವಾರರು ಸೂಕ್ತ ಉಡುಪಿನಲ್ಲಿ ರಿಂಗಿನೊಳಗೆ ಬರತಕ್ಕದ್ದು ಎಂದು ಅದರಲ್ಲಿತ್ತು.

ಮಾವ ಹಿಗ್ಗಿದ. ಅತ್ತೆ ಮೊರದಲ್ಲಿ ಹುರುಳಿ ಕೇರುತ್ತಾ ಕೂತಿದ್ದವಳು ಮೊರ ಕೆಳಗಿಟ್ಟಳು.

"ಸರಿ, ಓಗ್ಲಿ ಮಂಡ್ಯಕ್ಕೆ. ಒಂದು ಪ್ರೈಜು, ಒಂದು ಲೋಟನಾದ್ರೂ ಸರಿ, ತಕ್ಕಂಡ್ ಬಂದ್ರೆ ಸಾಯೋಗಂಟ ಇಲ್ಲೇ ಉಳ್ಳಿ ತಿನ್ಕಂಡ್ ಇರ್ಲಿ. ಬರ್ಲಿಲ್ವಾ, ಅಲ್ಲಿಂದ್ಲೇ ಮದ್ದೂರು ಜಟಕದವನ ಕೈಗೆ ಕೊಟ್ಬುಡಾದು. ಆಯ್ತಾ?"

ಮಾವ ದುಡುಕಿ "ಆಯ್ತು ಕಣೇ" ಅಂದುಬಿಟ್ಟ. ಅತ್ತೆ ಆಡಿದ ಮಾತಿಗೆ ತಪ್ಪಿದವಳಲ್ಲ. ಮಾರನೆಯ ದಿನವೇ ಜಟಕದವನಿಗೆ ಹೇಳಿಕಳಿಸಿದಳು. ಅದರ ಮಾರನೆಯ ದಿನ ಮಾವ ಗದ್ದೆಯ ಬದುವಿನ ಮೇಲೆ ಜಾರಿ ಬಿದ್ದು ಬಲಗೈ ಮುರಿದುಕೊಂಡ. ಕುದುರೆಯಿಂದ ಬಿದ್ದಿದ್ದರೆ ಮರ್ಯಾದೆಯಾದರೂ ಇರುತ್ತಿತ್ತು, ಬಿದ್ದದ್ದು ನಡೆದುಹೋಗುವಾಗ. ಮೂಳೆ ಕಟ್ಟುವವನು ಬಿದಿರ ದಬ್ಬೆ ಇಟ್ಟು ಬಿಗಿದು, ತಿಂಗಳು ಕೈ ಅಲ್ಲಾಡಿಸಬೇಡ ಎಂದ. ಮುಂದಿನ ಶನಿವಾರ ನಾನು ಹೋದಾಗ ಮಾವ ಎಡಗೈಯಲ್ಲಿ ಕುದುರೆಗೆ ಬೆಲ್ಲ ತಿನ್ನಿಸುತ್ತಾ ನನ್ನ ಮುಖ ನೋಡಿದ. ಆ ಮುಖ ನೋಡಿ ಇಲ್ಲ ಅನ್ನಲು ನನಗಾಗಲಿಲ್ಲ. ಕಾಗದದಲ್ಲಿ ವಯಸ್ಕರು ಎಂದಿತ್ತು, ಗಂಡಸರು ಎಂದಿರಲಿಲ್ಲ.

ಆದರೆ ಉಡುಪಿನ ಪಟ್ಟಿ ಮಾತ್ರ ಯಾರೋ ಗಂಡಸು ಲಂಡನ್ನಿನ ಕಡೆ ಮುಖಮಾಡಿ ಕೂತು ಬರೆದಂತಿತ್ತು. ನಾನು ಓದುತ್ತಾ ಹೋದೆ, ಅತ್ತೆ ತೀರ್ಪು ಕೊಡುತ್ತಾ ಹೋದಳು.

"ಕಡುಬಣ್ಣದ ಕೋಟು."

"ಇಸ್ಕೂಲ್ನಾಗೆ ಯಾವ ಮೇಷ್ಟ್ರದಾದ್ರೂ ಮದ್ವೆ ಕೋಟು ಇರ್ತದೆ."

"ಕೂದಲನ್ನು ಬಲೆಯೊಳಗೆ ಕಟ್ಟಿರಬೇಕು."

"ಬಲೆ ಯಾಕೆ? ಕುದ್ರೆ ಮ್ಯಾಲೆ ಕೂತ್ಕಂಡು ಮೀನು ಇಡಿಯಕ್ಕಾ?"

"ಬಳೆ ಮುಂತಾದ ಆಭರಣ ತೊಡಬಾರದು."

ಅತ್ತೆ ಎದ್ದೇ ನಿಂತಳು. "ಬಳೆ ಬಿಚ್ಚಕ್ಕೆ ಯಾರು ಸತ್ತವ್ರೆ? ಮದ್ವೆ ಆಗ್ದಿರೋ ಎಣ್ಮಗೀಗೆ ಬಳೆ ಬಿಚ್ಚು ಅಂತ ಬರ್ದವ್ನಲ್ಲಾ, ಅವ್ನಿಗೆ ಅಕ್ಕ ತಂಗೀರಿಲ್ವಾ?"

ಬಳೆಯ ವಿಷಯ ಅಲ್ಲಿಗೇ ಮುಗಿಯಿತು. ಉಳಿದದ್ದು ಬೂಟು, ಟೋಪಿ, ಬ್ರೀಚಸ್ಸು. ಬ್ರೀಚಸ್ಸು ಎಂದರೆ ತೊಡೆಯ ಹತ್ತಿರ ಸಡಿಲವಾಗಿ, ಮಂಡಿಯ ಕೆಳಗೆ ಬಿಗಿಯಾಗಿರುವ ಸವಾರಿಯ ಪ್ಯಾಂಟು. ನಾನು ಅಷ್ಟು ವಿವರಿಸಿದ್ದಕ್ಕೆ ಅತ್ತೆ ಕಿವಿ ಮುಚ್ಚಿಕೊಂಡಳು.

ಬೂಟು ಸಿಕ್ಕಿದ್ದು ಮಳವಳ್ಳಿಯ ಆಚೆ, ಕರೆಂಟು ತಯಾರಿಸುವ ಬ್ಲಫ್ಫು ಎಂಬ ಊರಿನಲ್ಲಿ. ನನ್ನ ಜೊತೆಯ ಟೀಚರೊಬ್ಬಳ ತಂದೆ ಅಲ್ಲಿನ ಪವರ್ ಹೌಸಿನಲ್ಲಿ ಫಿಟ್ಟರಾಗಿದ್ದರು. ಅವರ ಕ್ವಾರ್ಟರ್ಸಿನ ಬಾಗಿಲ ಮೂಲೆಯಲ್ಲಿ ಯಾವುದೋ ಕಾಲದ ಇಂಗ್ಲಿಷ್ ದೊರೆ ಬಿಟ್ಟುಹೋದ ಮೊಣಕಾಲುದ್ದದ ಬೂಟುಗಳಿದ್ದವು. ಒಂದರಲ್ಲಿ ಛತ್ರಿ ಇಡುತ್ತಿದ್ದರು, ಇನ್ನೊಂದರಲ್ಲಿ ಪೊರಕೆ. ಕೇಳಿದ್ದಕ್ಕೆ ಅವರು ಸಂತೋಷವಾಗಿ ಕೊಟ್ಟರು, ಅಟ್ಟದ ಮೇಲಿದ್ದ ದೊರೆಯ ಟೋಪಿಯನ್ನೂ ಇಳಿಸಿಕೊಟ್ಟರು. "ಮಳೆಗಾಲ ಬರೋದ್ರೊಳಗೆ ವಾಪಸ್ ತಂದ್ಕೊಡಮ್ಮ, ಛತ್ರಿಗೆ ಜಾಗ ಇಲ್ಲ" ಎಂದರು. ದೊರೆಯ ಕಾಲು ದೋಣಿಯಷ್ಟಿದ್ದಿರಬೇಕು. ನನ್ನ ಪಾದ ಒಳಗೆ ಹೋಗಿ ದಿಕ್ಕು ತಪ್ಪುತ್ತಿತ್ತು. ಮಾವ ರಾಗಿ ಹುಲ್ಲು ತುರುಕಿ ಸರಿಮಾಡಿದ. ಟೋಪಿಗೆ ಅತ್ತೆಯ ಕಪ್ಪು ವೆಲ್ವೆಟ್ ರವಿಕೆ ಬಟ್ಟೆಯನ್ನು ಅವಳಿಗೆ ಹೇಳದೆ ಅಂಟಿಸಿದೆವು.

ಬ್ರೀಚಸ್ಸಿಗೆ ಮದ್ದೂರಿನ ಟೈಲರ ಹತ್ತಿರ ಹೋದೆವು. ಪೊಲೀಸರ ಪ್ಯಾಂಟು ಹೊಲಿದ ಅನುಭವವಿದ್ದ ಮನುಷ್ಯ. ಬಣ್ಣ ಯಾವುದೆಂದು ಕೇಳಿದ. ತಿಳಿಗಂದು ಅಂದರೆ ಅರ್ಥವಾಗಲಿಕ್ಕಿಲ್ಲವೆಂದು ಜಾಣತನ ಮಾಡಿ, "ಬಿಸ್ಕತ್ತಿನ ಬಣ್ಣ" ಎಂದೆ.

"ಯಾವ ಬಿಸ್ಕತ್ತು?"

ಪಕ್ಕದ ಟೀ ಅಂಗಡಿಯಿಂದ ನಾಲ್ಕು ಬಗೆಯ ಬಿಸ್ಕತ್ತು ತರಿಸಿದ. ಒಂದೊಂದನ್ನೇ ಬಟ್ಟೆಯ ಥಾನಿನ ಮೇಲಿಟ್ಟು ನೋಡಿದ, ಹೊಂದದ್ದನ್ನು ತಿಂದ. ಕೊನೆಗೆ ಖಾರಾ ಬಿಸ್ಕತ್ತು ಹೊಂದಿತು. ಅದನ್ನು ಮಾವ ತಿಂದ. ನಾನು ಅಳತೆ ಕೊಡಲು ಎದ್ದು ನಿಂತೆ. ಟೈಲರು ಎರಡು ಹೆಜ್ಜೆ ಹಿಂದೆ ಸರಿದ.

"ಅಳ್ತೆಗೆ ಒಂದು ಕೊಡಿ ಟೀಚರಮ್ಮ."

"ಒಂದು ಏನು?"

"ಅಳ್ತೆ ಪ್ಯಾಂಟು. ಎಂಗಸ್ರುನ್ನ ಮುಟ್ಟಿ ಅಳ್ತೆ ತಗಳಾದಿಲ್ಲ ನಾವು. ರವಿಕೆ ಒಲ್ಸಕ್ಕೆ ಬರೋರು ಅಳ್ತೆ ರವಿಕೆ ತರಾಕಿಲ್ವಾ? ಅಂಗೇ."

ಪ್ಯಾಂಟು ಇದ್ದಿದ್ದರೆ ಇಲ್ಲಿಗೆ ಯಾಕೆ ಬರುತ್ತಿದ್ದೆ ಎಂದು ನಾನು ರೇಗಿದೆ. ಆತ ಜಗ್ಗಲಿಲ್ಲ. ಆಗ ಮಾವ ದಬ್ಬೆ ಕಟ್ಟಿದ ಕೈಯನ್ನು ಮೇಲೆತ್ತಿ ಮುಂದೆ ಬಂದ.

"ನಂದೇ ತಕೊಳಪ್ಪ. ಒಂದೇ ವಂಸ, ಒಂದೇ ಮೈಕಟ್ಟು."

ಮಾವ ಎಲ್ಲಿಗೆ ಹೋದರೂ ಅವನ ಹೊಟ್ಟೆ ಒಂದು ಗೇಣು ಮುಂಚೆ ತಲುಪುತ್ತಿತ್ತು. ನಾನು ಆಗ ಕಡ್ಡಿಯ ಹಾಗಿದ್ದೆ. ಟೈಲರು ಮಾವನ ಸುತ್ತ ಟೇಪು ಹಿಡಿದು ಒಂದು ಪ್ರದಕ್ಷಿಣೆ ಬಂದು, ಟೀಚರಮ್ಮನಿಗೆ ಅರ್ಧ ಇಂಚು ಕಮ್ಮಿ ಮಾಡುತ್ತೇನೆ ಎಂದು ಭರವಸೆ ಕೊಟ್ಟ. ಆಮೇಲೆ ಟೈಲರುಗಳ ಮಾಮೂಲಿನಂತೆ ನಾಳೆ, ನಾಡಿದ್ದು ಎಂದು ಓಡಾಡಿಸಿ, ಪ್ರದರ್ಶನದ ದಿನ ಬೆಳಿಗ್ಗೆ ನಮ್ಮ ಬಸ್ಸು ಮದ್ದೂರಿನಲ್ಲಿ ನಿಂತಾಗ ಓಡಿಬಂದು ಕಿಟಕಿಯಲ್ಲಿ ಪೊಟ್ಟಣ ತೂರಿಸಿದ.

ಬಸ್ಸಿನಲ್ಲಿ ನಾನೂ ಅತ್ತೆಯೂ ಇದ್ದೆವು. ಮಾವ ಹಿಂದಿನ ದಿನವೇ ಕುದುರೆಯನ್ನು ನಡೆಸಿಕೊಂಡು, ಶಿವಪುರದಲ್ಲಿ ನೀರು ಕುಡಿಸಿ, ಮಂಡ್ಯ ಸೇರಿದ್ದ. ಅತ್ತೆ ಬಂದದ್ದು ನನ್ನ ಸವಾರಿ ನೋಡಲಲ್ಲ, ಕುದುರೆಯನ್ನು ಒಪ್ಪಿಸಲು. ಅವಳ ತೊಡೆಯ ಮೇಲೆ ಬುತ್ತಿಯ ಗಂಟು. ಗಂಟು ಕಟ್ಟಿದ್ದ ಬಟ್ಟೆ ಅದೇ ಹಸಿರು ಸೀರೆ, ಕೆಂಪಂಚಿನದು. ಬೇರೆ ಬಟ್ಟೆ ಇರಲಿಲ್ಲವೇ ಎಂದು ಕೇಳಿದೆ.

"ಇರ್ಲಿ ಬುಡು. ನಿಮ್ಮಾವ ಕಣ್ಣೀರು ಆಕ್ತಾನಲ್ಲಾ, ಆಗ ತೋರ್ಸಕ್ಕೆ ಬೇಕು."

ಮಂಡ್ಯದ ಮೈದಾನದಲ್ಲಿ ಎತ್ತು, ಎಮ್ಮೆ, ಟಗರು, ಮೇಕೆಗಳಿಗೆ ಒಂದೊಂದು ಸಾಲು. ನಡುವೆ ಹಗ್ಗ ಕಟ್ಟಿದ ದುಂಡನೆಯ ಜಾಗವೇ ರಿಂಗು. ಅದರ ಪಕ್ಕದಲ್ಲಿ ಮದ್ದೂರಿನ ಜಟಕದವನು ಆಗಲೇ ಬಂದು, ಹೊಸ ಹಗ್ಗವೊಂದನ್ನು ತೋಳಿಗೆ ಸುತ್ತಿಕೊಂಡು ನಿಂತಿದ್ದ. ಕೆಟ್ಟವನಲ್ಲ, ಮಾವನನ್ನು ನೋಡಿದಾಗಲೆಲ್ಲ ಹಗ್ಗವನ್ನು ಬೆನ್ನ ಹಿಂದೆ ಮರೆಮಾಡುತ್ತಿದ್ದ. ಆ ಹಗ್ಗ ನೋಡಿದ ಮೇಲೆ ನನಗೆ ನಿಜವಾಗಿ ಭಯವಾಯಿತು. ಅಲ್ಲಿಯವರೆಗೆ ಎಲ್ಲ ಒಂದು ತಮಾಷೆಯಂತೆ ನಡೆದುಕೊಂಡು ಬಂದಿತ್ತು.

ಮೇಕೆ ಸಾಲಿನ ಹಿಂದಿನ ಚಪ್ಪರದಲ್ಲಿ ಪೊಟ್ಟಣ ಬಿಚ್ಚಿ ಬ್ರೀಚಸ್ಸು ಏರಿಸಿದೆ. ಅದರೊಳಗೆ ನಾನು, ಅತ್ತೆ, ಬುತ್ತಿಯ ಗಂಟು ಮೂವರೂ ಆರಾಮವಾಗಿ ಇರಬಹುದಿತ್ತು. ಸೊಂಟಕ್ಕೆ ಹುರಿ ಬಿಗಿದು ಹೊರಗೆ ಬಂದು, ರಿಕಾಪಿನಲ್ಲಿ ಎಡಗಾಲಿಟ್ಟು ಬಲಗಾಲು ಎತ್ತಿದೆ. ಸಡಿಲ ಬಟ್ಟೆ ಜೀನಿನ ತುದಿಗೆ ಸಿಕ್ಕಿಕೊಂಡಿತ್ತು. ಕುದುರೆ ಒಂದು ಹೆಜ್ಜೆ ಮುಂದಿಟ್ಟಿತು. ಹಿಂದಿನಿಂದ ಮಂಡಿಯವರೆಗೆ ಪರ್ರೆಂದು ಸೀಳಿತು. ಒಂದು ಮೇಕೆ ಬೆಚ್ಚಿ ಕೂಗಿತು.

ನಾನು ಓಡಿ ಚಪ್ಪರದೊಳಗೆ ಸೇರಿ ಅತ್ತುಬಿಟ್ಟೆ. ನಾಚಿಕೆಗಲ್ಲ. ಹೊರಗೆ ಮಾವ, "ಓಗ್ಲಿ ಬುಡು ಮಗ, ನೀನೇನ್ ಮಾಡೀಯ" ಎಂದು ನನಗೆ ಸಮಾಧಾನ ಹೇಳುತ್ತಲೇ ಕುದುರೆಯ ಕುತ್ತಿಗೆಗೆ ಮುಖ ಒತ್ತಿಕೊಂಡಿದ್ದು ಸಂದಿಯಲ್ಲಿ ಕಾಣಿಸುತ್ತಿತ್ತು. ಸ್ಪರ್ಧೆಗೆ ಇಳಿಯದಿದ್ದರೆ ಪ್ರೈಜಿನ ಮಾತೆಲ್ಲಿ ಬಂತು?

ಅತ್ತೆ ಒಳಗೆ ಬಂದಳು. ಹರಿದ ಬ್ರೀಚಸ್ಸನ್ನು ಎರಡು ಬೆರಳಲ್ಲಿ ಎತ್ತಿ ನೋಡಿ ಮೂಲೆಗೆ ಎಸೆದಳು.

"ಅಳಾದು ನಿಲ್ಸು. ನಾಟಿ ಗದ್ದೆಗೆ ಇಳಿಯೋ ಎಂಗಸ್ರು ಪ್ಯಾಂಟು ಆಕ್ಕಂಡ್ ಇಳೀತಾರಾ?"

ಬುತ್ತಿ ಬಿಚ್ಚಿ ರೊಟ್ಟಿಯನ್ನು ಒಂದು ಕಡೆ ಇಟ್ಟಳು. ಹಸಿರು ಸೀರೆ ಕೊಡವಿದಳು. ನನ್ನನ್ನು ಬುಗುರಿಯ ಹಾಗೆ ಎರಡು ಸುತ್ತು ತಿರುಗಿಸಿ, ಕಾಲ ನಡುವೆ ತಂದು ಹಿಂದಕ್ಕೆಳೆದು ಕಚ್ಚೆ ಬಿಗಿದಳು. ಇಪ್ಪತ್ತು ವರ್ಷ ಗದ್ದೆಯಲ್ಲಿ ಬಗ್ಗಿ ನಾಟಿ ಹಾಕಿದ ಕೈ ಅದು, ಗಂಟು ಅಲ್ಲಾಡಲಿಲ್ಲ. ಕಾಲು ಎಷ್ಟು ಅಗಲಿಸಿದರೂ ಒಂದು ಎಳೆ ಜರುಗಲಿಲ್ಲ. ಮೇಲೆ ಮೇಷ್ಟರ ಮದುವೆ ಕೋಟು, ತಲೆಯ ಮೇಲೆ ದೊರೆಯ ಟೋಪಿ, ಜಡೆಯನ್ನು ಸುತ್ತಿ ಬಲೆಯ ಬದಲು ಮಲ್ಲಿಗೆ ದಂಡೆ. ಟೋಪಿಯ ವೆಲ್ವೆಟ್ ಮುಟ್ಟಿ ನೋಡಿ ಅತ್ತೆ, "ಇದು ನನ್ ರವಿಕೆ ಬಟ್ಟೆ ಅಲ್ವಾ?" ಎಂದಳು. ನಾನು ಟೋಪಿ ಒತ್ತಿಕೊಂಡು ಹೊರಗೆ ಬಂದು ಕುದುರೆ ಹತ್ತಿದೆ.

"ನಿನಗೆ ಪ್ರೈಜು ಬಂದ್ಬುಟ್ರೆ ನನಗೇ ನಷ್ಟ" ಎಂದು ಅವಳು ಹಿಂದಿನಿಂದ ಕೂಗಿದಳು. ಮತ್ತೆ ಯಾಕೆ ಉಡಿಸಿದೆ ಎಂದು ಕೇಳಲು ನನಗೆ ಸಮಯವಿರಲಿಲ್ಲ.

ರಿಂಗಿನ ಬಾಯಲ್ಲಿ ಪುರೋಹಿತರು ರಂಗೋಲಿ ಬಿಡಿಸಿ, ಬೂದುಗುಂಬಳ ಒಡೆದು, ಕರ್ಪೂರದ ತಟ್ಟೆ ಹಿಡಿದು ನಿಂತಿದ್ದರು. ಸವಾರರು ಏಳು ಜನ. ಎಲ್ಲರಿಗಿಂತ ಮುಂದಿದ್ದವನು ಬೆಂಗಳೂರಿನ ಯಾರೋ ಶೋಕಿಲಾಲ, ಅವನು ನೇರ ಒಳಗೆ ಹೋದ. ಎರಡನೆಯವರು ಒಬ್ಬ ಪೊಲೀಸ್ ಪೇದೆ. ಅವರು ರಂಗೋಲಿ ನೋಡಿದರು, ಕರ್ಪೂರ ನೋಡಿದರು, ಕುದುರೆಯಿಂದ ಇಳಿದು ಬೂಟು ಬಿಚ್ಚಿ ಪಕ್ಕಕ್ಕಿಟ್ಟು, ಮಂಗಳಾರತಿ ತೆಗೆದುಕೊಂಡು, ಬರಿಗಾಲಲ್ಲಿ ಮತ್ತೆ ಹತ್ತಿ ಒಳಗೆ ನಡೆದರು. ಹಿಂದಿದ್ದ ನಾವೆಲ್ಲ ಏನೂ ಯೋಚಿಸದೆ ಹಾಗೇ ಮಾಡಿದೆವು. ದೀಪ ಹಚ್ಚಿದ ಜಾಗಕ್ಕೆ ಚರ್ಮ ಮೆಟ್ಟಿಕೊಂಡು ಹೋಗುವುದುಂಟೇ? ಬ್ಲಫ್ಫಿಗೆ ಎರಡು ಸಲ ಅಲೆದು, ಹುಲ್ಲು ತುರುಕಿ, ವಾರವಿಡೀ ತಿಕ್ಕಿ ಹೊಳಪು ಬರಿಸಿದ ಬೂಟುಗಳನ್ನು ನಾನು ಒಂದು ಗಳಿಗೆಯಲ್ಲಿ ಬಿಚ್ಚಿಟ್ಟು ಹೋದೆ. ಹೋದ ಮೇಲೆ ಪಟ್ಟಿಯ ನೆನಪಾಯಿತು.

ತೀರ್ಪುಗಾರರು ಮೈಸೂರಿನಿಂದ ಬಂದಿದ್ದ ನಿವೃತ್ತ ಸೈನ್ಯಾಧಿಕಾರಿ. ಬಿಳಿ ಮೀಸೆ, ಕಂಕುಳಲ್ಲಿ ಕೋಲು. ಸಾಲಾಗಿ ನಿಂತ ಕುದುರೆಗಳ ಪಕ್ಕ ಹನ್ನೆರಡು ಬರಿಗಾಲು ಜೋತಾಡುತ್ತಿದ್ದದ್ದನ್ನು ಕಂಡು ಅವರ ಮೀಸೆ ನಿಧಾನವಾಗಿ ಮೇಲೆದ್ದಿತು.

"ಎಲ್ಲಿ ಬೂಟು?"

"ಒರಗಡೆ ಬುಟ್ಟಿದೀವಿ ಸಾ" ಎಂದರು ಪೇದೆ. "ದೀಪ ಅಚ್ಚವ್ರೆ. ಪಾಲಿಸು ಬೇಕಾದ್ರೆ ಅಲ್ಲೋಗಿ ನೋಡ್ಕಬೌದು."

ಆ ಮನುಷ್ಯ ನಿಜವಾಗಿಯೂ ಹೋದರು, ಅದಕ್ಕಾಗಿ ಅವರನ್ನು ಮೆಚ್ಚಬೇಕು. ಕಾಗದ ಹಿಡಿದು ಬೂಟಿನ ಸಾಲಿನ ಮುಂದೆ ಬಗ್ಗಿ ಬಗ್ಗಿ ಅಂಕ ಬರೆದರು. ನನ್ನ ಬೂಟಿನ ಹತ್ತಿರ ತಡವಾಯಿತು. ಪಕ್ಕದ ಸಾಲಿನಿಂದ ತಪ್ಪಿಸಿಕೊಂಡ ಮೇಕೆಯೊಂದು ಅದರೊಳಗೆ ಮೂತಿ ತೂರಿಸಿ ರಾಗಿ ಹುಲ್ಲು ಎಳೆದು ತಿನ್ನುತ್ತಿತ್ತು.

ವಾಪಸು ಬಂದು ನನ್ನ ಮುಂದೆ ನಿಂತು ಟೋಪಿಯಿಂದ ಶುರುಮಾಡಿ ಕೆಳಗಿಳಿದರು.

"ಕೂದಲಿಗೆ ಬಲೆ?"

"ಮಲ್ಲಿಗೆ ದಂಡೆ ಇದೆ ಸಾರ್."

"ಬ್ರೀಚಸ್?"

"ಸೀರೆ ಸಾರ್. ಕಚ್ಚೆ."

"ಅದರ ತುದಿ ಹರಿದಿದೆಯಲ್ಲ?"

ನಾನು ಬಾಯಿ ತೆರೆಯುವ ಮೊದಲೇ ಹಗ್ಗದಾಚೆಯಿಂದ ಅತ್ತೆಯ ದನಿ ಇಡೀ ಮೈದಾನಕ್ಕೆ ಕೇಳಿಸಿತು. "ಅರ್ದಿರಾದಲ್ಲ ಸಾಮಿ, ಕುದ್ರೆ ತಿಂದಿರಾದು! ಆ ಕುದ್ರೇನೇ!"

ಅವರು ಕುದುರೆಯನ್ನು ನೋಡಿದರು. ಕುದುರೆ ಸೀರೆಯನ್ನು ನೋಡುತ್ತಿತ್ತು. ಏನೋ ಬರೆದುಕೊಂಡು ಮುಂದೆ ಹೋದರು.

ಸವಾರಿ ಮಾತ್ರ ಚೆನ್ನಾಗಿ ಆಯಿತು. ನಡಿಗೆ, ಕುಕ್ಕುಲೋಟ, ತಿರುವು ಎಲ್ಲದರಲ್ಲೂ ಕುದುರೆ ನನ್ನ ಮನಸ್ಸು ಓದಿದಂತೆ ನಡೆಯಿತು. ಬರಿಗಾಲಿಗೆ ಅದರ ಮೈಯ ಬಿಸಿ ತಾಗುತ್ತಿತ್ತು. ಹಗ್ಗದ ಆಚೆ ಮಾವ, ಕೈಗೆ ದಬ್ಬೆ ಕಟ್ಟಿಕೊಂಡು, ಜನರನ್ನು ತಳ್ಳುತ್ತಾ ನಮ್ಮ ಜೊತೆಜೊತೆಗೇ ಸುತ್ತು ಹಾಕುತ್ತಿದ್ದ. ಅಷ್ಟು ಸಂತೋಷ ನನಗೆ ಆಮೇಲೆ ಕೆಲವೇ ಸಲ ಆಗಿದೆ.

ಫಲಿತಾಂಶವನ್ನು ಮೈಕಿನಲ್ಲಿ ಕೂಗಿದರು. ಮೊದಲನೆಯದು ಬೂಟು ಬಿಚ್ಚದ ಬೆಂಗಳೂರಿನವನಿಗೆ. ಎರಡನೆಯದು ಪೇದೆಗೆ. ಮೂರನೆಯದು ಮಳವಳ್ಳಿಯ ಅಕ್ಕಿ ಗಿರಣಿಯವರ ಮಗನಿಗೆ. ಅಲ್ಲಿಗೆ ಲೋಟಗಳು ಮುಗಿದವು. ಕೊನೆಗೆ, "ಬಿಳಿ ಕುದುರೆಯ ನಡೆ ಉತ್ತಮವಾಗಿತ್ತು. ಸವಾರರ ಉಡುಪು ಸೂಕ್ತವಲ್ಲ" ಎಂದರು.

ಮಾವ ಎಡಗೈಯಲ್ಲೇ ಕುದುರೆಯ ಕುತ್ತಿಗೆಯ ಗೆಜ್ಜೆ ಬಿಚ್ಚತೊಡಗಿದ. ಗಂಟು ಬಿಚ್ಚಲು ಬಾರದೆ ಹಲ್ಲಿನಿಂದ ಎಳೆದ. ಜಟಕದವನು ತಲೆ ತಗ್ಗಿಸಿಕೊಂಡು ಹಗ್ಗದ ಸಮೇತ ಹತ್ತಿರ ಬಂದ. ನಾನು ಅತ್ತೆಯ ಕಡೆ ನೋಡಲಾರದೆ ಕುದುರೆಯ ಕಿವಿ ಹಿಡಿದುಕೊಂಡು ನಿಂತೆ.

"ಮೈಕ್ನಾಗೆ ಏನಂದ ಅವ್ನು?" ಎಂದು ಅತ್ತೆ ಕೇಳಿದಳು.

"ಕುದುರೆ ಚೆನ್ನಾಗಿತ್ತಂತೆ. ಉಡುಪು ಸರಿಯಿರಲಿಲ್ಲವಂತೆ."

"ಉಡ್ಸಿದ್ದು ಯಾರು?"

"ನೀನೇ ಅಲ್ವಾ ಅತ್ತೆ."

ಅವಳ ಮುಖ ಕೆಂಪಾಯಿತು. ಊಟ ತನ್ನಿಚ್ಛೆ, ನೋಟ ಪರರಿಚ್ಛೆ ಎಂದು ನನಗೆ ದಿನಾ ಪಾಠ ಹೇಳುತ್ತಿದ್ದವಳು ಸೊಂಟಕ್ಕೆ ಸೆರಗು ಸಿಕ್ಕಿಸಿ ಜಟಕದವನ ಎದುರು ನಿಂತಳು. ಅವನ ಕೈಯಿಂದ ಹಗ್ಗ ಕಿತ್ತುಕೊಂಡು, ಅಚ್ಚುಕಟ್ಟಾಗಿ ಸುತ್ತಿ, ಅವನ ಹೆಗಲ ಮೇಲೆ ಹಾಕಿದಳು.

"ನಡಿಯಪ್ಪ ನೀನು. ಪ್ರೈಜ್ ಬರ್ದೆ ಇರಾದು ಕುದ್ರೆ ತಪ್ಪಲ್ಲ, ನನ್ ಸೀರೆ ತಪ್ಪಂತೆ. ನನ್ ಸೀರೆ ತಪ್ಪಿಗೆ ಕುದ್ರೆ ಯಾಕ್ಲಾ ಓಗ್ಬೇಕು?"

ಜಟಕದವನು ಮಾವನಿಗಿಂತ ಹೆಚ್ಚು ಹಗುರಾದವನಂತೆ ಹೊರಟುಹೋದ. ಮಾವ ಅತ್ತುಬಿಟ್ಟ. ಅತ್ತೆ ಅವನಿಗೆ ತೋರಿಸಲೆಂದು ತಂದಿದ್ದ ಸೀರೆ ಇನ್ನೂ ನನ್ನ ಮೈಮೇಲಿತ್ತು, ತೋರಿಸಲಿಲ್ಲ. ಚಪ್ಪರದಲ್ಲಿ ಕೂತು ಮೂವರೂ ರೊಟ್ಟಿ ತಿಂದೆವು, ಕುದುರೆಗೂ ಒಂದು ಕೊಟ್ಟೆವು. ಕೊಟ್ಟವಳು ಅತ್ತೆ.

ಬರುವ ವರ್ಷ ಅದೇ ಸೀರೆಯಲ್ಲಿ ಗೆದ್ದು ತೋರಿಸುತ್ತೇನೆಂದು ಅವಳು ಊರೆಲ್ಲ ಹೇಳಿಕೊಂಡು ಬಂದಳು, ಸವಾರಿ ತಾನೇ ಮಾಡುವವಳ ಹಾಗೆ. ಮರುವರ್ಷ ಆ ಸ್ಪರ್ಧೆಯೇ ನಡೆಯಲಿಲ್ಲ. ಬೂಟುಗಳು ಬ್ಲಫ್ಫಿನ ಬಾಗಿಲ ಮೂಲೆಗೆ ಹಿಂದಿರುಗಿ ಛತ್ರಿ, ಪೊರಕೆ ಹಿಡಿದುಕೊಂಡವು. ಬ್ರೀಚಸ್ಸಿನಲ್ಲಿ ಎರಡು ದಿಂಬಿನ ಚೀಲವಾದವು.

ಮಂಡ್ಯದಿಂದ ಬಂದ ಮುಂದಿನ ವಾರ ಅತ್ತೆ ಆ ಸೀರೆ ಒಗೆದು ಹಿತ್ತಲ ಹಗ್ಗಕ್ಕೆ ಹರವಿದಳು. ನಾವು ಒಳಗೆ ಕಾಫಿ ಕುಡಿಯುತ್ತಿದ್ದಾಗ ಕುದುರೆ ಇನ್ನೊಂದು ಗೇಣು ತಿಂದಿತು. ಅತ್ತೆ ಪೊರಕೆ ಹಿಡಿದು ಓಡಿದಳು, ಅದರ ವಂಶವನ್ನೆಲ್ಲ ಬೈದಳು. ಮಾವ ಬೆದರಿ, ಮೊಟ್ಟಮೊದಲ ಬಾರಿಗೆ ಸೋತವನಂತೆ, ಎಡಗೈಯಲ್ಲೇ ಹಾರೆ ತೆಗೆದುಕೊಂಡು ಗೂಟ ಕೀಳಲು ಹೋದ. ಅತ್ತೆ ಅವನನ್ನು ತಡೆದಳು.

"ಅದು ಅಲ್ಲೇ ಇರ್ಲಿ ಬುಡಿ" ಎಂದು, ತಿಂದುಳಿದ ಸೀರೆಯನ್ನು ಕೊಡವಿ ಮತ್ತೆ ಅದೇ ಹಗ್ಗಕ್ಕೆ ಹಾಕಿದಳು.